ಬಡ್ಡಿ ಇಳಿದ್ರೆ ಗಿರಾಕಿ ಬರ್ತಾರಾ?

ನಿನ್ನೆ ಸಂಜೆ ಪಿಗ್ಮಿ ಕಲೆಕ್ಷನಿನ (ದಿನಾ ಬಂದು ಸಣ್ಣ ಸಣ್ಣ ಉಳಿತಾಯ ಒಟ್ಟು ಮಾಡುವ) ಅಣ್ಣ ಅಂಗಡಿಗೆ ಬಂದ್ರು. ಮಂಗಳೂರಿನ ಹಂಪನಕಟ್ಟೆಯಲ್ಲಿ ದಿನಕ್ಕೆ 500 ಕೊಡ್ತಿದ್ದವರು ಈಗ 100 ಕೊಡ್ತಾರೆ, ಕೆಲವರು "ನಾಳೆ ಬನ್ನಿ" ಅಂತಾರೆ ಅಂತ ಬೇಜಾರಲ್ಲಿ ಹೇಳಿದ್ರು. ಅವರು ಹೋಗಿ ಹತ್ತು ನಿಮಿಷ ಆಗಿಲ್ಲ, ಒಂದು ಬ್ಯಾಂಕಿಂದ ಫೋನ್. ಬಡ್ಡಿ ಇಳಿದಿದೆ ಸರ್, ಬಿಸಿನೆಸ್ ಲೋನ್ ಬೇಕಾ? ತಲೆ ಬಿಸಿ ಆಯ್ತು ಮಾರಾಯ್ರೆ. ಹೋದ ಹಬ್ಬಕ್ಕೆ ತಂದ ಸೀರೆಯೇ ಕಪಾಟಲ್ಲಿ ಉಂಟು, ಸಾಲ ಮಾಡಿ ಇನ್ನಷ್ಟು ತಂದು ಎಲ್ಲಿ ಇಡುದು?

ರಿಸರ್ವ್ ಬ್ಯಾಂಕ್ 2025 ಒಂದೇ ವರ್ಷದಲ್ಲಿ ರೆಪೋ ದರ, ಅಂದ್ರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ. 6.50ರಿಂದ 5.25ಕ್ಕೆ ಇಳಿಸಿತು. 2019ರಲ್ಲೂ ಹೀಗೆಯೇ ಫೆಬ್ರವರಿಯಿಂದ ಅಕ್ಟೋಬರ್ ಒಳಗೆ ಐದು ಸಲ ಇಳಿಸಿ 5.15ಕ್ಕೆ ತಂದಿದ್ರು, ಆದ್ರೂ ಆ ಹಣಕಾಸು ವರ್ಷ ದೇಶದ ಬೆಳವಣಿಗೆ ಶೇ. 4ರ ಹತ್ತಿರಕ್ಕೆ ಕುಸಿಯಿತು. ಜಪಾನಿನವರು 2016ರಲ್ಲಿ ಬಡ್ಡಿಯನ್ನು ಸೊನ್ನೆಗಿಂತ ಕೆಳಗೆ ತಗೊಂಡು ಹೋದವರು 2024ರವರೆಗೆ ಅಲ್ಲೇ ಇದ್ರು. ಜನರ ಕೈಯಲ್ಲಿ ದುಡ್ಡು ಓಡಾಡದೆ ಸಾಲ ಎಷ್ಟು ಅಗ್ಗ ಆದ್ರೆ ಎಂತ?

ಹೋಮ್ ಲೋನಿನವರಿಗೆ ಉಳಿತಾಯ ಆಗ್ತದಲ್ಲ ಅಂತ ಕೇಳ್ತೀರಿ. ಆದ್ರೆ ಹೆಚ್ಚಿನ ಬ್ಯಾಂಕಿನವರು ಇಎಂಐ ಹಾಗೇ ಇಟ್ಟು ಕಂತಿನ ಅವಧಿ ಕಡಿಮೆ ಮಾಡ್ತಾರೆ, ಹಾಗಾಗಿ ಈ ತಿಂಗಳು ಕೈಗೆ ಬರುವುದು ಏನೂ ಇಲ್ಲ. ಮತ್ತೆ ನಮ್ಮದು ಡಿಪಾಸಿಟ್ಟಿನ ಊರು. 1928ರಲ್ಲಿ ಎರಡೆರಡು ಆಣೆ ಒಟ್ಟು ಮಾಡುವ ಪಿಗ್ಮಿ ಶುರು ಮಾಡಿದ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದೇ ಉಡುಪಿಯಲ್ಲಿ. ನನ್ನ ಗಿರಾಕಿಗಳಲ್ಲಿ ರಿಟೈರ್ ಆದ ಟೀಚರಮ್ಮಂದಿರು ತುಂಬ ಜನ, ಎಫ್‌ಡಿ ಬಡ್ಡಿಯಲ್ಲೇ ಮದ್ದು, ಮೊಮ್ಮಕ್ಕಳ ಉಡುಗೊರೆ ಎಲ್ಲ. ಎಫ್‌ಡಿ ರಿನ್ಯೂ ಆಗುವಾಗ ಬಡ್ಡಿ ಕಡಿಮೆ ಆದ್ರೆ ಅವರು ಮೊದಲು ಬಿಡುವುದೇ ಬಟ್ಟೆ. ಮೊನ್ನೆ ಒಬ್ಬರು ಎರಡು ಸೀರೆ ಬಿಡಿಸಿ ನೋಡಿ, ಎರಡನ್ನೂ ಮಡಚಿ ನನ್ನ ಕೈಗೇ ಕೊಟ್ಟು ಹೋದ್ರು.

ಇಷ್ಟು ಸಿಟ್ಟು ಯಾಕೆ ಅಂದ್ರೆ ನಾನೂ ಬಿದ್ದವನೇ. 2021ರಲ್ಲಿ ರೆಪೋ 4 ಇತ್ತು, ಅಗ್ಗ ಅಂತ ಸಾಲ ಮಾಡಿ ಅಂಗಡಿ ದೊಡ್ಡದು ಮಾಡಿದೆ. 2023ರ ಫೆಬ್ರವರಿಗೆ ಅದು 6.50 ಆಯ್ತು, ಗಿರಾಕಿ ಹೆಚ್ಚಾಗ್ಲಿಲ್ಲ, ಕಂತು ಹೆಚ್ಚಾಯ್ತು. ಹೆಂಡತಿಯ ಬಳೆ ಅಡವಿಟ್ಟದ್ದು ಆಗ. ಇದನ್ನು ಹೊರಗೆ ಹೇಳ್ತಿರುದು ಇದೇ ಮೊದಲು.

ದರ ಇಳಿಸ್ಬೇಡಿ ಅಂತ ನಾನು ಹೇಳುದಿಲ್ಲ. ಆದ್ರೆ ಬೀಡಿ ಕಟ್ಟುವವರ ಮಜೂರಿ ಏರ್ಲಿ, ಸರ್ಕಾರ ಕೆಲಸ ಮಾಡಿಸಿ ಗುತ್ತಿಗೆಯವರ ಬಿಲ್ಲು ಸಮಯಕ್ಕೆ ಕೊಡ್ಲಿ, ಖಾಲಿ ಹುದ್ದೆ ತುಂಬ್ಲಿ. ಆ ದುಡ್ಡು ವಾರದೊಳಗೆ ನಮ್ಮ ಕೌಂಟರಿಗೆ ಬರ್ತದೆ. ಆಗ ಲೋನಿಗೆ ನಾನೇ ಬ್ಯಾಂಕಿಗೆ ಹೋಗ್ತೇನೆ, ಫೋನ್ ಮಾಡುದು ಬೇಡ.