ಸತ್ಯಾಂಶ: ಕಡಲ ನೀರು ಸ್ವಲ್ಪ ಸ್ವಲ್ಪ ಕುಡಿದರೆ ತೊಂದರೆಯಿಲ್ಲವೇ?

"ಹಾಯಿದೋಣಿಯಲ್ಲಿ ಸಿಹಿನೀರು ಮುಗಿದರೆ ಹೆದರಬೇಡಿ, ಕಡಲ ನೀರನ್ನೇ ಗುಟುಕು ಗುಟುಕಾಗಿ ಕುಡಿಯಿರಿ. ಫ್ರೆಂಚ್ ವೈದ್ಯರೊಬ್ಬರು ಹೀಗೇ ಅಟ್ಲಾಂಟಿಕ್ ದಾಟಿದ್ದಾರೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಈ ಸಲಹೆ ಪ್ರಾಣಕ್ಕೇ ಅಪಾಯ.

ಆ ವೈದ್ಯ ಅಲೇನ್ ಬೊಂಬಾರ್ 1952ರಲ್ಲಿ ರಬ್ಬರ್ ದೋಣಿಯಲ್ಲಿ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ದ್ವೀಪ ಬಾರ್ಬಡೋಸ್ ತಲುಪಿದ್ದು ನಿಜ. ಆದರೆ ಅವರಿಗೆ ಮಳೆನೀರು, ಮೀನು ಹಿಂಡಿದ ರಸ ಎರಡೂ ಸಿಕ್ಕಿದ್ದವು. ಮುಂದೆ ಅದೇ ಸಾಗರ ದಾಟಿದ ಜರ್ಮನ್ ವೈದ್ಯ ಹಾನ್ನೆಸ್ ಲಿಂಡೆಮನ್ ಈ ವಾದವನ್ನು ತಳ್ಳಿಹಾಕಿದರು.

ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಷ್ಟು ಉಪ್ಪಾದ ಮೂತ್ರವನ್ನು ನಮ್ಮ ಮೂತ್ರಪಿಂಡ ತಯಾರಿಸಲಾರದು. ಹಾಗಾಗಿ ಕುಡಿದದ್ದಕ್ಕಿಂತ ಹೆಚ್ಚು ನೀರು ಮೈಯಿಂದ ಹೊರಹೋಗುತ್ತದೆ. ಬಾಯಾರಿಕೆ ಏರುತ್ತದೆ, ಭೇದಿಯಾಗುತ್ತದೆ, ಕೊನೆಗೆ ಬುದ್ಧಿ ಭ್ರಮಿಸುತ್ತದೆ.

ನೀರಿನ ಲೆಕ್ಕ ಬಂದರಿನಲ್ಲೇ ಆಗಬೇಕು. ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಮೂರು ವಾರ ಎಂದಿಟ್ಟುಕೊಳ್ಳಿ: ನಾಲ್ವರು, ತಲಾ ದಿನಕ್ಕೆ 3 ಲೀಟರ್, ಒಟ್ಟು 252 ಲೀಟರ್. ಅದರ ಅರ್ಧದಷ್ಟು ಮೀಸಲು ಸೇರಿಸಿದರೆ 378. ಎಲ್ಲವನ್ನೂ ಒಂದೇ ಟ್ಯಾಂಕಿಗೆ ತುಂಬುವುದು ದೊಡ್ಡ ತಪ್ಪು. ಡೆಕ್ ಮೇಲಿನ, ಟ್ಯಾಂಕಿಗೆ ನೀರು ತುಂಬುವ ಮುಚ್ಚಳದ ರಬ್ಬರ್ ರಿಂಗ್ ಸವೆದಿದ್ದರೆ ಅಲೆಯ ಉಪ್ಪುನೀರು ಒಳಗಿಳಿದು ಅಷ್ಟೂ ಕೆಡುತ್ತದೆ. ಎರಡು ಟ್ಯಾಂಕ್, ನಡುವೆ ಮುಚ್ಚಿದ ವಾಲ್ವ್, ಜೊತೆಗೆ ಕ್ಯಾನ್‌ಗಳು ಇರಲಿ. ಕ್ಯಾನ್ ಕಂಠಮಟ್ಟ ತುಂಬಬೇಡಿ. ಗಾಳಿಗೆ ಜಾಗವಿದ್ದರೆ ಕಡಲಿಗೆ ಬಿದ್ದರೂ ಚೆನ್ನಾಗಿ ತೇಲುತ್ತದೆ.

ಉಪ್ಪು ತೆಗೆಯುವ ಯಂತ್ರವಿದ್ದರೂ ಮೀಸಲು ಕಡಿಮೆ ಮಾಡಬಾರದು. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದರೆ, ಬಂದರಿನ ಎಣ್ಣೆ ನೀರು ಎಳೆದರೆ, ಉಪ್ಪನ್ನು ಸೋಸುವ ಅದರ ತೆಳು ಪೊರೆ (ಮೆಂಬ್ರೇನ್) ಹಾಳಾಗುತ್ತದೆ.