ಕಡಲಿಗೆ ಹೋದ ನೀರು ಪೋಲಾದ ನೀರಲ್ಲ

ಮೊನ್ನೆ ಕುಮಟಾಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಹಿರಿಯರೊಬ್ಬರು, ‘ಅಘನಾಶಿನಿಯ ಸಿಹಿನೀರೆಲ್ಲ ಕಡಲು ಸೇರಿ ಪೋಲಾಗುತ್ತಿದೆ, ಬಯಲುಸೀಮೆಗಾದರೂ ಕೊಡಬಾರದೇ’ ಎಂದರು. ಅವರದು ಒಳ್ಳೆಯ ಮನಸ್ಸೇ. ಆದರೂ ಆ ‘ಪೋಲು’ ಎನ್ನುವ ಮಾತು ನನಗೆ ರಾತ್ರಿಯವರೆಗೂ ಚುಚ್ಚುತ್ತಲೇ ಇತ್ತು.

ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಬಯಲಿಗಿಳಿದ ಮೇಲೆ ನಮ್ಮ ಹೊಳೆಗೆ ಅವಸರವೇ ಇಲ್ಲ. ಅಣೆಕಟ್ಟೆಯ ತಡೆಯೂ ಇಲ್ಲ. ತದಡಿಯ ಹತ್ತಿರ ಕಡಲು ಸೇರುವ ಮುನ್ನ ಸಿಹಿನೀರೂ ಉಪ್ಪುನೀರೂ ದಿನಕ್ಕೆರಡು ಬಾರಿ ಒಂದನ್ನೊಂದು ತಳ್ಳಾಡುತ್ತವೆ. ನಮ್ಮ ಅನ್ನ ಇರುವುದು ಆ ತಳ್ಳಾಟದಲ್ಲೇ.

ನೀರು ಇಳಿದಾಗ ನನ್ನ ಅತ್ತೆ ಸೊಂಟಮಟ್ಟ ಹೊಳೆಯಲ್ಲಿ ನಿಂತು ಕಾಲಿನಿಂದ ಕೆಸರನ್ನು ತಡವುತ್ತಿದ್ದರು. ಹೆಬ್ಬೆರಳಿಗೆ ಬಳಚು, ಅಂದರೆ ಚಿಪ್ಪುಮೀನು, ತಗುಲಿದ್ದೇ ಬಗ್ಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದರು. ಉಗುರಿನಷ್ಟೇ ಇದ್ದರೆ ಮತ್ತೆ ನೀರಿಗೆ. ‘ಅದು ಮುಂದಿನ ವರ್ಷದ್ದು’ ಎನ್ನುತ್ತಿದ್ದರು. ಮಕ್ಕಳ ಶಾಲೆಯ ಖರ್ಚು, ಮನೆಯ ಹಂಚು, ಎಲ್ಲವೂ ಆ ಬುಟ್ಟಿಯಿಂದಲೇ ಬಂದದ್ದು.

ಹೊಳೆಯಂಚಿನಲ್ಲಿ ಉಪ್ಪುನೀರು ಹತ್ತಿ ಇಳಿಯುವ ಗಜನಿ ಗದ್ದೆಯ ಕಗ್ಗ ಭತ್ತವೂ ಹಾಗೆಯೇ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ಗೊಬ್ಬರ ಹಾಕುವವರಿಲ್ಲ, ಹೊಳೆ ತಂದ ಮಣ್ಣೇ ಸಾಕು. ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತೇವೆ. ಅದು ಕೊಳೆತಲ್ಲಿಗೆ ಸಿಗಡಿ, ಮೀನು ಮೇಯಲು ಬರುತ್ತವೆ. ಮಳೆಯ ನೀರು ಬಂದು ಉಪ್ಪು ತೊಳೆಯದಿದ್ದರೆ ಕಗ್ಗವೂ ಮೊಳೆಯದು. ಅತ್ತ ಸಾಣಿಕಟ್ಟೆಯಲ್ಲಿ ಇದೇ ಅಳಿವೆಯ ಉಪ್ಪುನೀರು ಬೇಸಿಗೆಯ ಬಿಸಿಲಿಗೆ ಉಪ್ಪಾಗುತ್ತದೆ.

2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದಾಗ ಕಣ್ಣು ತುಂಬಿ ಬಂದಿತ್ತು. ಅದರ ಬೆನ್ನಿಗೇ ಈ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ಮಾತು ಕೇಳುವಾಗ ಸಂಕಟವಾಗುತ್ತದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಲೆಕ್ಕ ಹಾಕುವವರು ನಮ್ಮ ಬಳಚನ್ನೂ ಕಗ್ಗವನ್ನೂ ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡನ್ನೂ ಅದರಲ್ಲಿ ಬರೆದುಕೊಳ್ಳಲೇಬೇಕು.

ನಮ್ಮ ತಪ್ಪೂ ಇದೆ. ಹಲವು ಗಜನಿಗಳನ್ನು ಸಿಗಡಿ ಕೃಷಿಗೆ ಗುತ್ತಿಗೆ ಕೊಟ್ಟೆವು. ಗಜನಿಗೆ ನೀರು ಬಿಡುವ, ತಡೆಯುವ ಬಾಗಿಲಾದ ಜಂತ್ರಡಿಯ ಹಲಗೆಗಳನ್ನು ಹೊತ್ತು ನೋಡಿ ಏರಿಸಿ ಇಳಿಸುವವರು ಕಡಿಮೆಯಾದರು. ನಮ್ಮ ಗದ್ದೆಯೂ ವರ್ಷಗಳಿಂದ ಪಾಳು ಬಿದ್ದಿದೆ. ಈ ಮಳೆಗಾಲಕ್ಕೆ ಬಿತ್ತಬೇಕೆಂದು ತಮ್ಮನೂ ನಾನೂ ನಿಶ್ಚಯಿಸಿದ್ದೇವೆ. ಬೀಜ ಮನೆಯಲ್ಲಿ ಉಳಿದಿಲ್ಲ. ಪಕ್ಕದೂರಿನವರು ಎರಡು ಕೊಳಗ ಕೊಡಲು ಒಪ್ಪಿದ್ದಾರೆ, ಭಾನುವಾರ ತರಲು ಹೋಗುತ್ತಿದ್ದೇವೆ.