ಬಾಗಿಲು ಹಾಡಿತು
ಕಾರಿಗೆ ಸಬ್‌ವೂಫರ್ (ತೀರಾ ತಗ್ಗಿನ ದನಿಗೆಂದೇ ಇರುವ ದೊಡ್ಡ ಸ್ಪೀಕರ್) ಹಾಕಿಸಿದವರಿಗೆ ಮೊದಲು ಕೇಳಿಸುವುದು ಹಾಡಲ್ಲ, ಬಾಗಿಲು. ಜೆ.ಸಿ. ರಸ್ತೆಯಲ್ಲಿ ಹಾಕಿಸಿಕೊಂಡು ಟೌನ್ ಹಾಲ್ ದಾಟುವಷ್ಟರಲ್ಲಿ ನಮ್ಮ ಕಾರಿನ ಬಾಗಿಲುಗಳು ಗಡಗಡ ಅನ್ನತೊಡಗಿದವು. ಬಾಗಿಲ ಪಾಕೆಟ್‌ನಲ್ಲಿದ್ದ ನೀರಿನ ಬಾಟಲಿ ತಾಳ ತಪ್ಪದೆ ಕುಣಿಯುತ್ತಿತ್ತು. "ಎಲ್ಲೋ ನಟ್ಟು ಬಿಚ್ಚಿದೆ ಕಣೋ, ಪಕ್ಕಕ್ಕೆ ಹಾಕು" ಎಂದರು ಅಮ್ಮ.

ನಟ್ಟೆಲ್ಲ ಸರಿಯಾಗೇ ಇದ್ದವು. ಡಿಕ್ಕಿಯಲ್ಲಿ 10 ಇಂಚಿನ ಸಬ್‌ವೂಫರ್ ಬಂದು ಕೂತಿದ್ದರೂ ಬಾಗಿಲಿನ 6.5 ಇಂಚಿನ ಸ್ಪೀಕರ್‌ಗಳು ಬೇಸ್, ಅಂದರೆ ತಗ್ಗಿನ ದನಿ, ಬಿಟ್ಟುಕೊಟ್ಟಿರಲಿಲ್ಲ. ನಿವೃತ್ತಿಯಾದ ಮೇಲೂ ದಿನಾ ಆಫೀಸಿಗೆ ಬಂದು ಫೈಲು ತಿರುವುವ ಹೆಡ್ ಕ್ಲರ್ಕ್ ಥರ. ಪಾಪ, ಅವಕ್ಕೂ ಸುಸ್ತೇ. ಸ್ವರ ಒಂದು ಆಕ್ಟೇವ್ (ಒಂದು ಸ್ಥಾಯಿ) ಕೆಳಗಿಳಿದರೆ, ಅಷ್ಟೇ ಜೋರಾಗಿ ಕೇಳಿಸಲು ಸ್ಪೀಕರ್‌ನ ಕೋನ್ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಾಡಬೇಕು. ಆ ಒದ್ದಾಟದಲ್ಲಿ ಹಾಡುವವರ ದನಿಯೂ ಕಲಸಿಹೋಗುತ್ತದೆ.

ಇದಕ್ಕೆ ಮದ್ದು ಹೈ ಪಾಸ್ ಫಿಲ್ಟರ್. 80 ಹರ್ಟ್ಸ್‌ಗಿಂತ (ಸೆಕೆಂಡಿಗೆ 80 ಕಂಪನ) ಕೆಳಗಿನ ದನಿಯನ್ನು ಬಾಗಿಲಿಗೆ ಹೋಗದಂತೆ ತಡೆದರೆ ಸಾಕು. ಹೊರಗೆ ಕೊಳ್ಳುವ ಸ್ಟೀರಿಯೋಗಳಲ್ಲಿ ಈ ಫಿಲ್ಟರ್ ಸಾಮಾನ್ಯವಾಗಿ ಮೆನುವಿನಲ್ಲೇ ಇರುತ್ತದೆ. ನಮ್ಮದು ಕಾರಿನ ಜೊತೆ ಬಂದದ್ದು, ಅದಕ್ಕೆ ಅಂಥ ಶೋಕಿ ಇಲ್ಲ. ಹಾಗಾಗಿ ಒಂದೊಂದು ಸ್ಪೀಕರ್‌ನ ಪ್ಲಸ್ ವೈರಿಗೂ ಒಂದೊಂದು ಕೆಪಾಸಿಟರ್ ಹಾಕಬೇಕು, ಅದೇ ಫಿಲ್ಟರ್ ಆಗುತ್ತದೆ. 4 ಓಮ್ ಸ್ಪೀಕರ್‌ಗೆ ಸುಮಾರು 500 ಮೈಕ್ರೋಫ್ಯಾರಡ್, ಅದೂ ನಾನ್ ಪೋಲಾರ್, ಅಂದರೆ ಪ್ಲಸ್ ಮೈನಸ್ ಭೇದವಿಲ್ಲದ್ದು.

ಎಸ್.ಪಿ. ರಸ್ತೆಯಲ್ಲಿ ಕೇಳಿದೆ. ಅಂಗಡಿಯವನು ತಲೆ ಎತ್ತಲೇ ಇಲ್ಲ. "ಫ್ಯಾನಿಂದು ಇದೆ, 2.5. ನಾನ್ ಪೋಲಾರೇ. ಕೊಡ್ಲಾ?"

ಅದನ್ನು ಹಾಕಿದ್ದರೆ ಸುಮಾರು 16,000 ಹರ್ಟ್ಸ್‌ಗಿಂತ ಕೆಳಗಿನದಕ್ಕೆಲ್ಲ ಕತ್ತರಿ. ಗಾಯಕರು, ವೀಣೆ, ಮೃದಂಗ ಎಲ್ಲ ಮನೆಗೆ ಹೋಗಿ, ತಾಳದ ಕೊನೆಯ ಚಿಣ್ ಮಾತ್ರ ಉಳಿಯುತ್ತಿತ್ತು. "ಬೇಡ ಸರ್, 1000ದ್ದು ಮಾಮೂಲಿ ಎಂಟು ಕೊಡಿ" ಎಂದೆ. ಎರಡೆರಡನ್ನು ಮೈನಸ್‌ಗೆ ಮೈನಸ್ ಸೇರಿಸಿ ಬೆಸೆದರೆ 500ರ ನಾನ್ ಪೋಲಾರ್ ಸಿಗುತ್ತದೆ. "ಬಾಂಬ್ ಮಾಡ್ತೀರಾ?" ಎಂದು ಆಗ ತಲೆ ಎತ್ತಿದ.

ಇಂಥ ಫಿಲ್ಟರ್ ಬೇಸನ್ನು ಒಂದೇ ಏಟಿಗೆ ಕಡಿಯುವುದಿಲ್ಲ. ಆಕ್ಟೇವ್‌ಗೆ 6 ಡೆಸಿಬಲ್‌ನಂತೆ ನಿಧಾನಕ್ಕೆ ಇಳಿಸುತ್ತದೆ. ಆದರೂ ಬಾಟಲಿ ಕುಣಿತ ನಿಂತಿತು. ಗಾಯಕರ ಉಸಿರೂ ಕೇಳಿಸತೊಡಗಿತು. ಹಿಂದಿನ ನಂಬರ್ ಪ್ಲೇಟ್ ನಡುಗುತ್ತಿದೆ, ಅದು ಸಬ್‌ವೂಫರ್‌ನ ಸ್ವಂತ ಸಾಧನೆ.

ಅಮ್ಮ ಕಣ್ಣು ಮುಚ್ಚಿ ಒಂದು ಕೀರ್ತನೆ ಪೂರ್ತಿ ಕೇಳಿದರು. ಆಮೇಲೆ ಡಿಕ್ಕಿ ತೆಗೆಸಿ ನೋಡಿದರು. "ಹಾಡು ಚೆನ್ನಾಗಿದೆ ಕಣೋ. ಊರಿಂದ ತೆಂಗಿನಕಾಯಿ ಮೂಟೆ ಎಲ್ಲಿಡ್ತೀಯ?"